ಗುಂಡಿಗೂ ನಳಿಗೆಗೂ ನಡುವೆ ಒಂದು ತುಂಡು ಬಟ್ಟೆ

ಪುಣೆಯ ಖಡಕಿಗೂ ಬಂದೂಕಿಗೂ ಹಳೆಯ ನಂಟು. 1817ರ ನವೆಂಬರ್ 5ರಂದು ಗಣೇಶಖಿಂಡಿಗೂ ಖಡಕಿಗೂ ನಡುವಿನ ಬಯಲಿನಲ್ಲಿ ಪೇಶ್ವೆ ಎರಡನೇ ಬಾಜೀರಾಯನ ಸೈನ್ಯವೂ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವೂ ಎದುರುಬದುರಾದವು. ಮರಾಠಾ ಸೈನ್ಯವನ್ನು ಬಾಪು ಗೋಖಲೆ ನಡೆಸುತ್ತಿದ್ದ. ಬಾಜೀರಾಯ ದೂರದ ಪರ್ವತಿ ಗುಡ್ಡದ ಮೇಲೆ ನಿಂತು ನೋಡುತ್ತಿದ್ದ ಎಂದು ಪುಣೆಯವರು ಇಂದಿಗೂ ಹೇಳುತ್ತಾರೆ. ಆ ದಿನ ಕಂಪನಿ ಗೆದ್ದಿತು. ಅದಾಗಿ 52 ವರ್ಷಕ್ಕೆ, 1869ರಲ್ಲಿ, ಅದೇ ಖಡಕಿಯಲ್ಲಿ ಬ್ರಿಟಿಷ್ ಸರ್ಕಾರ ಮದ್ದುಗುಂಡಿನ ಕಾರ್ಖಾನೆಯೊಂದನ್ನು ತೆರೆಯಿತು. ಅದು ಇವತ್ತಿಗೂ ಕೆಲಸ ಮಾಡುತ್ತಿದೆ.

ಈ ಎರಡು ವರ್ಷಗಳ ನಡುವೆ ಬಂದೂಕು ತುಂಬುವ ಕ್ರಮವೇ ಬದಲಾಗಿಹೋಯಿತು. 1817ರ ಸಿಪಾಯಿ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಜಡಿಯುತ್ತಿದ್ದ. ಇಂಥ ಬಂದೂಕಿಗೆ ಮರಾಠಿಯಲ್ಲಿ 'ಠಾಸಣೀಚಿ ಬಂದೂಕ್' ಎನ್ನುತ್ತಾರೆ, ಅಂದರೆ ಜಡಿದು ತುಂಬುವ ಬಂದೂಕು. 1869ರ ಹೊತ್ತಿಗೆ ಗುಂಡು, ಮದ್ದು, ಕಿಡಿ ಹೊತ್ತಿಸುವ ಕೇಪು ಮೂರೂ ಒಂದೇ ಕಾಡತೂಸಿನೊಳಗೆ ಸೇರಿ ಕಾರ್ಖಾನೆಯಿಂದ ಹೊರಬೀಳತೊಡಗಿದ್ದವು. ಸಿಪಾಯಿಯ ಪಾಲಿಗೆ ಉಳಿದದ್ದು ಅದನ್ನು ಬಂದೂಕಿನ ಹಿಂಬದಿಯಲ್ಲಿ ತೂರಿಸುವ ಕೆಲಸ ಮಾತ್ರ.

ಇದನ್ನು ಯಂತ್ರ ಸುಧಾರಿಸಿದ ಕಥೆ ಎಂದು ಓದುವುದು ರೂಢಿ. ಆದರೆ ಇದರೊಳಗೆ ಇನ್ನೊಂದು ಕಥೆಯಿದೆ. ಗುಂಡು ನಳಿಗೆಯೊಳಗೆ ಎಷ್ಟು ಬಿಗಿಯಾಗಿರಬೇಕು, ಅವೆರಡರ ನಡುವೆ ಏನನ್ನು ಇಡಬೇಕು, ಅದಕ್ಕೆ ಯಾವ ಜಿಡ್ಡು ಹಚ್ಚಬೇಕು, ಇದನ್ನೆಲ್ಲ ಯಾರು ತೀರ್ಮಾನಿಸಬೇಕು? ನೂರಾರು ವರ್ಷ ಇದು ಬಂದೂಕು ಹಿಡಿದವನೇ ಬಿಡಿಸಿಕೊಳ್ಳುತ್ತಿದ್ದ ಲೆಕ್ಕ. ಹತ್ತೊಂಬತ್ತನೇ ಶತಮಾನದಲ್ಲಿ ಅದು ಅವನ ಕೈತಪ್ಪಿತು. ಕೈತಪ್ಪಿದ ಆ ಹೊತ್ತಿನಲ್ಲೇ ಹಿಂದೂಸ್ತಾನ ಹೊತ್ತಿ ಉರಿಯಿತು.

ಸಡಿಲ ಗುಂಡಿನ ಲೆಕ್ಕ

ಖಡಕಿಯ ಬಯಲಿನಲ್ಲಿ ಕಂಪನಿಯ ಸಿಪಾಯಿ ಹಿಡಿದಿದ್ದದ್ದು 'ಬ್ರೌನ್ ಬೆಸ್' ಎಂದು ಹೆಸರಾದ ಮಸ್ಕೆಟ್. ಅದರ ನಳಿಗೆಯ ಒಳಮೈ ನುಣುಪು. ಒಳ ಅಗಲ ಸುಮಾರು 19 ಮಿಲಿಮೀಟರ್. ಅದಕ್ಕೆ ಹಾಕುತ್ತಿದ್ದ ಸೀಸದ ಗುಂಡು ಸುಮಾರು 17.5 ಮಿಲಿಮೀಟರ್. ಒಂದೂವರೆ ಮಿಲಿಮೀಟರ್ ಜಾಗ ಖಾಲಿ. ಇದು ಕಮ್ಮಾರನ ತಪ್ಪಲ್ಲ, ಬೇಕೆಂದೇ ಬಿಟ್ಟ ಸಡಿಲ.

ಕಾರಣ ಮದ್ದಿನಲ್ಲೇ ಇದೆ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿ ಮಾಡಿದ ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ ಹೋಗದೆ ಮಸಿಯಾಗಿ, ಕಿಟ್ಟವಾಗಿ ಉಳಿಯುತ್ತದೆ. ಹತ್ತು ಹದಿನೈದು ಗುಂಡು ಹಾರಿಸುವಷ್ಟರಲ್ಲಿ ನಳಿಗೆಯ ಒಳಗೆ ಆ ಕಿಟ್ಟದ ಪದರ ಕಟ್ಟುತ್ತದೆ. ಗುಂಡು ಬಿಗಿಯಾಗಿದ್ದರೆ ಆಮೇಲೆ ಅದು ಕೆಳಗಿಳಿಯುವುದೇ ಇಲ್ಲ. ಎದುರಿಗೆ ಕುದುರೆ ದಂಡು ನುಗ್ಗಿ ಬರುತ್ತಿರುವಾಗ ಗುಂಡನ್ನು ಜಡಿಯುತ್ತ ಕೂರಲು ಯಾರಿಗೂ ಪುರುಸೊತ್ತಿರುವುದಿಲ್ಲ. ನಿಮಿಷಕ್ಕೆ ಮೂರು ಸಲ ಹಾರಿಸಬೇಕು, ಸಾಲಾಗಿ ನಿಂತು ಒಟ್ಟಿಗೇ ಹಾರಿಸಬೇಕು. ಸೈನ್ಯಕ್ಕೆ ಬೇಕಿದ್ದದ್ದು ಅಷ್ಟೇ. ಒಬ್ಬೊಬ್ಬನ ಗುರಿ ಅದಕ್ಕೆ ಬೇಕಿರಲಿಲ್ಲ.

ಸಡಿಲ ಗುಂಡು ನಳಿಗೆಯೊಳಗೆ ಅತ್ತಿತ್ತ ಬಡಿದುಕೊಳ್ಳುತ್ತ ಹೊರಬೀಳುತ್ತದೆ. ಕೊನೆಗೆ ಯಾವ ಬದಿಗೆ ತಗಲಿತೋ ಅದಕ್ಕೆ ತಕ್ಕಂತೆ ಗಿರಗಿರನೆ ಸುತ್ತುತ್ತದೆ, ಸುತ್ತಿದ ಕಡೆಗೆ ಗಾಳಿಯಲ್ಲಿ ಓರೆಯಾಗುತ್ತದೆ. ಸ್ಪಿನ್ನರ್ ಎಸೆದ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ಸರಿಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ವ್ಯತ್ಯಾಸವೆಂದರೆ ಸ್ಪಿನ್ನರ್‌ಗೆ ತಾನು ಯಾವ ಕಡೆಗೆ ತಿರುಗಿಸುತ್ತಿದ್ದೇನೆಂದು ಗೊತ್ತಿರುತ್ತದೆ. ಮಸ್ಕೆಟ್ ಹಿಡಿದವನಿಗೆ ಗೊತ್ತಿರುತ್ತಿರಲಿಲ್ಲ. ನೂರು ಗಜದಾಚೆ ಒಬ್ಬನೇ ಮನುಷ್ಯನಿಗೆ ಗುರಿಯಿಡುವುದು ಹೆಚ್ಚುಕಡಿಮೆ ಅದೃಷ್ಟದ ಮಾತಾಗಿತ್ತು.

ರಾಬಿನ್ಸ್ ಬರೆದಿಟ್ಟ ಉಪಾಯ

ಗುಂಡು ಹೀಗೆ ಓರೆಯಾಗುವುದನ್ನು ಮೊದಲು ಕ್ರಮವಾಗಿ ಪರೀಕ್ಷಿಸಿದವರಲ್ಲಿ ಒಬ್ಬ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ಗುಂಡಿನ ವೇಗ ಅಳೆಯಲು ಅವನು ತೂಗಾಡುವ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ಹಿಂದಕ್ಕೆ ಹೋಯಿತೆಂದು ಲೆಕ್ಕ ಹಾಕಿದ. 1742ರಲ್ಲಿ ಬಂದ ಅವನ ಪುಸ್ತಕವನ್ನು ಆಯ್ಲರ್‌ನಂಥ ಮಹಾ ಗಣಿತಜ್ಞ ಟಿಪ್ಪಣಿಗಳೊಂದಿಗೆ ಜರ್ಮನ್‌ಗೆ ತಂದ. ಮಸ್ಕೆಟ್‌ನ ನಳಿಗೆಯನ್ನು ಎಡಕ್ಕೆ ಬಗ್ಗಿಸಿ ಹಾರಿಸಿದರೆ ಗುಂಡು ಎಡಕ್ಕೆ ಹೊರಟರೂ ಮುಂದೆ ಬಲಕ್ಕೆ ತಿರುಗುತ್ತದೆ ಎಂದು ತೋರಿಸಿದವನೂ ಅವನೇ.

1747ರಲ್ಲಿ ರಾಬಿನ್ಸ್ ಗೀರು ಕೊರೆದ ನಳಿಗೆಗಳ ಬಗ್ಗೆ ಒಂದು ಪ್ರಬಂಧ ಓದಿದ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದರೆ ಗುಂಡು ಆ ಸುರುಳಿ ಹಿಡಿದು ಹೋಗುವ ದಿಕ್ಕನ್ನೇ ಅಚ್ಚಾಗಿ ಮಾಡಿಕೊಂಡು ತಿರುಗುತ್ತದೆ, ಆಗ ಓರೆಯಾಗುವುದಿಲ್ಲ. 'ರೈಫಲ್' ಎಂಬ ಹೆಸರು ಬಂದದ್ದೇ ಈ ಗೀರುಗಳಿಂದ. ಆದರೆ ಗುಂಡು ಗೀರನ್ನು ಹಿಡಿಯಬೇಕಾದರೆ ಬಿಗಿಯಾಗಿರಬೇಕು, ಬಿಗಿಯಾದರೆ ತುಂಬುವುದು ಕಷ್ಟ. ಈ ಇಕ್ಕಟ್ಟಿಗೆ ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯ ಬೇಟೆಗಾರರು ಕಂಡುಕೊಂಡಿದ್ದ ಉಪಾಯವನ್ನು ರಾಬಿನ್ಸ್ ವಿವರಿಸಿದ. ತೆಳು ಚರ್ಮದ್ದೋ ಬಟ್ಟೆಯದ್ದೋ ದುಂಡನೆಯ ತುಂಡು ಕತ್ತರಿಸಿ, ಒಂದು ಬದಿಗೆ ಜಿಡ್ಡು ಹಚ್ಚಿ, ಜಿಡ್ಡಿನ ಬದಿ ಕೆಳಗಾಗುವಂತೆ ನಳಿಗೆಯ ಬಾಯಿ ಮೇಲೆ ಹಾಸಬೇಕು. ಅದರ ಮೇಲೆ ಗುಂಡಿಟ್ಟು ಎರಡನ್ನೂ ಒಟ್ಟಿಗೇ ಒತ್ತಬೇಕು. ಗುಂಡು ನಳಿಗೆಗಿಂತ ತುಸು ಚಿಕ್ಕದು, ಹಾಗಾಗಿ ಇಳಿಯುತ್ತದೆ. ಉಳಿದ ಸಂದನ್ನು ಬಟ್ಟೆ ತುಂಬುತ್ತದೆ, ಗೀರನ್ನು ಹಿಡಿಯುವುದೂ ಬಟ್ಟೆಯೇ. ಜಿಡ್ಡು ಕಿಟ್ಟವನ್ನು ಮೆದುಗೊಳಿಸುತ್ತದೆ. ನಳಿಗೆಯಿಂದ ಹೊರಬಿದ್ದ ಕೂಡಲೇ ಬಟ್ಟೆ ಕಳಚಿ ಬೀಳುತ್ತದೆ, ಗುಂಡು ಮುಂದೆ ಹೋಗುತ್ತದೆ.

ರೈಫಲ್‌ನ ಗುಣ ಅರಿತು ಅದನ್ನು ತನ್ನ ಸೈನ್ಯಕ್ಕೆ ಮೊದಲು ಕೊಡುವ ದೇಶ ಉಳಿದವರ ಮೇಲೆ ದೊಡ್ಡ ಮೇಲುಗೈ ಸಾಧಿಸುತ್ತದೆ ಎಂದು ರಾಬಿನ್ಸ್ ಆಗಲೇ ಹೇಳಿದ್ದ. ಕಂಪನಿ ಅವನನ್ನು ಕೋಟೆಗಳ ಕೆಲಸಕ್ಕೆ ಹಿಂದೂಸ್ತಾನಕ್ಕೆ ಕರೆಸಿಕೊಂಡಿತು. 1750ರಲ್ಲಿ ಬಂದವನು ಮರುವರ್ಷವೇ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರ ಬಂದು ತೀರಿಕೊಂಡ.

ಅಳತೆ ಹುಡುಕುವ ಕೆಲಸ

ಬಟ್ಟೆ ಸುತ್ತಿದ ಗುಂಡು ಹೇಳಲು ಸುಲಭ. ನಿಜವಾದ ಕೆಲಸ ಇರುವುದು ಅಳತೆ ಹುಡುಕುವುದರಲ್ಲಿ. ಒಂದೇ ಕಮ್ಮಾರ ಒಂದೇ ವಾರದಲ್ಲಿ ಮಾಡಿದ ಎರಡು ನಳಿಗೆಗಳೂ ಒಂದೇ ಅಳತೆಯನ್ನು ಒಪ್ಪುವುದಿಲ್ಲ. ಹಳೆಯ ಕಾಲದ ಬೇಟೆಗಾರನೂ ಇಂದಿಗೂ ಹವ್ಯಾಸಕ್ಕೆ ಇಂಥ ರೈಫಲ್ ಹಾರಿಸುವ ಯುರೋಪ್, ಅಮೆರಿಕದ ಗುರಿಕಾರರೂ ಹಿಡಿಯುವ ದಾರಿ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು.

ಅರ್ಧ ಇಂಚಿನ, ಅಂದರೆ 12.7 ಮಿಲಿಮೀಟರ್ ನಳಿಗೆಯನ್ನು ತೆಗೆದುಕೊಳ್ಳಿ. ಅದಕ್ಕೆ ಸಾಮಾನ್ಯವಾಗಿ 12.45 ಮಿಲಿಮೀಟರ್ ಗುಂಡಿನಿಂದ ಶುರುಮಾಡುತ್ತಾರೆ. ಎರಡೂ ಬದಿಗೆ ಹಂಚಿದರೆ ಉಳಿಯುವ ಸಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಹಾಕುವ ಬಟ್ಟೆ ಅದಕ್ಕಿಂತ ದಪ್ಪ, ಸುಮಾರು 0.38 ಮಿಲಿಮೀಟರ್. ನೇಯ್ಗೆ ಒತ್ತಾಗಿರುವ ಗಟ್ಟಿ ಹತ್ತಿಬಟ್ಟೆಯೋ ನಾರುಬಟ್ಟೆಯೋ ಆಗಬೇಕು. ಏಣುಗಳ ಮೇಲೆ ಅದು ಅಮುಕಿಕೊಳ್ಳುತ್ತದೆ, ಗೀರುಗಳೊಳಗೆ ಉಬ್ಬಿ ಕೂರುತ್ತದೆ. ಮದ್ದನ್ನು ಮೊದಲು ಕಡಿಮೆಯಿಟ್ಟು, ಐದೈದು ಗುಂಡು ಹಾರಿಸಿ, ಹಲಗೆಯ ಮೇಲೆ ಐದೂ ತೂತು ಎಷ್ಟು ಹತ್ತಿರ ಬಿದ್ದವೆಂದು ನೋಡುತ್ತಾರೆ. ನಡುಗುರಿಗೆ ಬಿತ್ತೋ ಇಲ್ಲವೋ ಎನ್ನುವುದು ಆಮೇಲಿನ ಮಾತು, ಅದನ್ನು ಗುರಿಕಡ್ಡಿ ಸರಿಸಿ ಸರಿಮಾಡಿಕೊಳ್ಳಬಹುದು. ಮೊದಲು ಗುಂಪು ಕೂಡಬೇಕು. ಮದ್ದನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಗುಂಪು ಚಿಕ್ಕದಾಗುತ್ತದೆ, ಅದನ್ನು ದಾಟಿದರೆ ಮತ್ತೆ ಚೆದುರುತ್ತದೆ.

ಈ ಕೆಲಸದಲ್ಲಿ ನಿಜ ಹೇಳುವ ಸಾಕ್ಷಿ ಬಟ್ಟೆಯೇ. ಹಾರಿಸಿದ ಮೇಲೆ ಗುರಿಕಾರ ಹತ್ತಾರು ಹೆಜ್ಜೆ ಮುಂದೆ ಹೋಗಿ ನೆಲದಲ್ಲಿ ಬಿದ್ದ ತುಂಡನ್ನು ಹುಡುಕಿ ತರುತ್ತಾನೆ. ನಡುವೆ ಸುಟ್ಟು ತೂತಾಗಿದ್ದರೆ ಬೆಂಕಿ ಬಟ್ಟೆಯನ್ನು ದಾಟಿದೆ ಎಂದರ್ಥ, ಬಟ್ಟೆ ತೆಳುವಾಯಿತು ಅಥವಾ ಗುಂಡು ಚಿಕ್ಕದಾಯಿತು. ಸುತ್ತ ಕತ್ತರಿಸಿದಂತೆ ಹರಿದಿದ್ದರೆ ನಳಿಗೆಯ ಬಾಯಿಯಲ್ಲೋ ಗೀರಿನ ಏಣಿನಲ್ಲೋ ಹರಿತ ಉಳಿದಿದೆ. ಅಂಚು ಮಾತ್ರ ಎಳೆಎಳೆಯಾಗಿ, ನಡುವೆ ಗೀರಿನ ಗುರುತು ಸರಿಸಮನಾಗಿ ಮೂಡಿದ್ದರೆ ಅಳತೆ ಕೂಡಿತು. ಜಿಡ್ಡಿಗೂ ಇದೇ ಪರೀಕ್ಷೆ. ಜೇನುಮೇಣ, ಕುರಿ ಕೊಬ್ಬು, ಎಣ್ಣೆ ಇವುಗಳ ಹದ ಚಳಿಗಾಲಕ್ಕೊಂದು, ಬೇಸಿಗೆಗೊಂದು. ಬಿಸಿಲಿಗೆ ಕರಗಿ ಮದ್ದಿಗೆ ಇಳಿದರೆ ಮದ್ದು ಕೆಡುತ್ತದೆ, ಚಳಿಗೆ ಹೆಪ್ಪುಗಟ್ಟಿದರೆ ಗುಂಡು ಇಳಿಯುವುದಿಲ್ಲ.

ಕನ್ನಡದಲ್ಲಿ ಔಷಧಿಗೂ ಬಂದೂಕಿನ ಪುಡಿಗೂ ಒಂದೇ ಪದ, ಮದ್ದು. ತಮಿಳಿನ ಮರುಂದು, ತೆಲುಗಿನ ಮಂದು ಕೂಡ ಎರಡೂ ಅರ್ಥ ಕೊಡುತ್ತವೆ. ಆಳು ನೋಡಿ ಮದ್ದು ಕೊಡು ಎನ್ನುವ ಬುದ್ಧಿ ಇಲ್ಲೂ ಸಲ್ಲುತ್ತದೆ. 'ಬಂದೂಕು' ಎಂಬುದು ಅರಬ್ಬಿಯ 'ಬುಂದುಕ್', ಅದರ ಮೂಲ ಅರ್ಥ ಒಂದು ಜಾತಿಯ ದುಂಡುಕಾಯಿ. ಕಾಯಿಯ ಹೆಸರು ಕಾಯಿಯಂಥ ಗುಂಡಿಗೆ ಬಂತು, ಗುಂಡಿನ ಹೆಸರು ಗುಂಡು ಹಾರಿಸುವ ನಳಿಗೆಗೆ ನಿಂತಿತು.

ದಂಡಿಗೆ ಒಗ್ಗದ ಬಟ್ಟೆ

ಬೇಟೆಗಾರನಿಗೆ ಹೊತ್ತಿದೆ, ಒಂದೇ ಬಂದೂಕಿದೆ. ಸೈನ್ಯಕ್ಕೆ ಹೊತ್ತಿಲ್ಲ, ಸಾವಿರಾರು ಬಂದೂಕಿವೆ. 1800ರಲ್ಲಿ ಇಂಗ್ಲೆಂಡ್ ತನ್ನ ಆಯ್ದ ಗುರಿಕಾರರಿಗೆ ಎಜೆಕಿಯಲ್ ಬೇಕರ್ ಮಾಡಿದ ರೈಫಲ್ ಕೊಟ್ಟಿತು. ಏಳು ಗೀರು, 15.9 ಮಿಲಿಮೀಟರ್ ನಳಿಗೆ. ಹಿಡಿಕೆಯ ಬದಿಯಲ್ಲಿ ಹಿತ್ತಾಳೆ ಮುಚ್ಚಳದ ಪುಟ್ಟ ಪೆಟ್ಟಿಗೆ, ಅದರೊಳಗೆ ಜಿಡ್ಡು ಹಚ್ಚಿದ ತುಂಡುಗಳು. ಗುಂಡು ಇಳಿಸಲು ಮೊದಮೊದಲು ಮರದ ಕೊಡತಿಯನ್ನೂ ಕೊಟ್ಟಿದ್ದರು. ಮಸ್ಕೆಟ್ ಮೂರು ಸಲ ಹಾರುವ ಹೊತ್ತಿನಲ್ಲಿ ಇದು ಒಂದು, ಹೆಚ್ಚೆಂದರೆ ಎರಡು ಸಲ ಹಾರುತ್ತಿತ್ತು. ಶತ್ರು ಮೈಮೇಲೆ ಬಂದಾಗ ರೈಫಲ್‌ನವರೂ ಬಟ್ಟೆ ಬಿಟ್ಟು ಬರೀ ಗುಂಡನ್ನೇ ಇಳಿಸಿ ಹಾರಿಸುತ್ತಿದ್ದರು.

1830ರ ದಶಕದ ಕೊನೆಯಲ್ಲಿ ಬೇಕರ್ ಜಾಗಕ್ಕೆ ಬ್ರನ್ಸ್‌ವಿಕ್ ಬಂತು. ಅದಕ್ಕೆ ಎರಡೇ ಆಳವಾದ ಗೀರು. ಗುಂಡಿಗೆ ಸೊಂಟಪಟ್ಟಿಯಂತೆ ಒಂದು ಏಣು, ಅದನ್ನು ಗೀರಿಗೆ ಸರಿಯಾಗಿ ಕೂರಿಸಿ ಇಳಿಸಬೇಕು, ಮೇಲೆ ಜಿಡ್ಡಿನ ಬಟ್ಟೆ ಬೇರೆ. ಕಿಟ್ಟ ಕಟ್ಟಿದ ಮೇಲೆ ತುಂಬುವುದು ಎಷ್ಟು ಕಷ್ಟವಾಗುತ್ತಿತ್ತೆಂದರೆ, 1852ರ ಇಂಗ್ಲೆಂಡಿನ ಪರೀಕ್ಷೆಗಳಲ್ಲಿ ಅದು ಉಳಿದ ಬಂದೂಕುಗಳಿಗಿಂತ ಹಿಂದೆ ಬಿತ್ತು. ಆದರೂ ಹಿಂದೂಸ್ತಾನದ ಸಿಪಾಯಿಗಳ ರೈಫಲ್ ಕಂಪನಿಗಳ ಕೈಯಲ್ಲಿದ್ದದ್ದು ಈ ಎರಡು ಗೀರಿನ ರೈಫಲ್ಲೇ.

ಮುಂದೆ ನಡೆದುದನ್ನು ಅರಿಯಲು ಈ ಒಂದು ಸಂಗತಿ ಮುಖ್ಯ. ಆ ಸಿಪಾಯಿಗಳು ಜಿಡ್ಡು ಹಚ್ಚಿದ ಬಟ್ಟೆಯನ್ನು ವರ್ಷಗಟ್ಟಲೆ ಕೈಯಲ್ಲಿ ಹಿಡಿದು ಬಳಸಿದ್ದರು. ಆ ಜಿಡ್ಡು ಕುರಿ ಕೊಬ್ಬು ಮತ್ತು ಮೇಣದ್ದು ಎಂದು ಸೇನಾಧಿಕಾರಿಗಳೇ 1857ರ ಜನವರಿಯಲ್ಲಿ ಹೇಳಿದರು. ಯಾರೂ ತಕರಾರು ಮಾಡಿರಲಿಲ್ಲ. ಜಿಡ್ಡು ಏನೆಂದು ಗೊತ್ತಿತ್ತು, ಅದನ್ನು ಬಾಯಿಗೆ ಇಟ್ಟುಕೊಳ್ಳಬೇಕಾಗಿಯೂ ಇರಲಿಲ್ಲ.

ಇದೇ ಹೊತ್ತಿನಲ್ಲಿ ಬೊಂಬಾಯಿ ಪ್ರಾಂತದ ಇನ್ನೊಂದು ತುದಿಯಲ್ಲಿ, ಸಿಂಧ್‌ನ ಗಡಿಯಲ್ಲಿ, ಜಾನ್ ಜೇಕಬ್ ಎಂಬ ಬೊಂಬಾಯಿ ಸೈನ್ಯದ ಅಧಿಕಾರಿ ತನ್ನ ಪಾಡಿಗೆ ತಾನು ರೈಫಲ್ ಪರೀಕ್ಷೆ ನಡೆಸುತ್ತಿದ್ದ. ಅವನ ಹೆಸರಿನ ಜೇಕಬಾಬಾದಿನ ಬಯಲಲ್ಲಿ ವರ್ಷಾನುಗಟ್ಟಲೆ ಗುರಿ ನೆಟ್ಟು, ಗುಂಡಿನ ಆಕಾರ ಬದಲಿಸಿ, ನಾಲ್ಕು ಗೀರಿನ ಜೋಡುನಳಿಗೆ ರೈಫಲ್ಲೊಂದನ್ನು ರೂಪಿಸಿದ. 2000 ಗಜದಷ್ಟು ದೂರಕ್ಕೆ ಅದನ್ನು ಹಾರಿಸಿ ನೋಡುತ್ತಿದ್ದ. ಬೇಟೆಗಾರನ ಹಠವನ್ನು ದಂಡಿನೊಳಗೂ ಉಳಿಸಿಕೊಂಡವರು ಇದ್ದರು, ಆದರೆ ವಿರಳ.

ಬಟ್ಟೆಯ ಜಾಗಕ್ಕೆ ಕಾಗದ

ಸೈನ್ಯದ ಇಕ್ಕಟ್ಟನ್ನು ಬಿಡಿಸಿದ್ದು ಫ್ರಾನ್ಸಿನ ಮಿನಿಯೆ ಎಂಬವನ ಹೆಸರಿನ ಗುಂಡು. ಉದ್ದನೆಯ ಗುಂಡು, ಬುಡದಲ್ಲಿ ಟೊಳ್ಳು. ತುಂಬುವಾಗ ಸಡಿಲ, ಮದ್ದು ಹೊತ್ತಿದಾಗ ಬುಡ ಅರಳಿ ಗೀರಿಗೆ ಕಚ್ಚಿಕೊಳ್ಳುತ್ತದೆ. ಈ ತತ್ತ್ವದ ಮೇಲೆ ಇಂಗ್ಲೆಂಡ್ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಮಾಡಿತು. ನಳಿಗೆ 14.66 ಮಿಲಿಮೀಟರ್, ಗುಂಡು ಸುಮಾರು 34 ಗ್ರಾಂ, ಮದ್ದು ಸುಮಾರು 4.4 ಗ್ರಾಂ. ಗುರಿಪಟ್ಟಿಯಲ್ಲಿ 900 ಗಜದವರೆಗೆ ಅಳತೆಯ ಗುರುತು.

ಎನ್‌ಫೀಲ್ಡ್‌ನ ಮದ್ದುಗುಂಡು ಒಂದು ಕಾಗದದ ಕೊಳವೆಯಲ್ಲಿ ಬರುತ್ತಿತ್ತು. ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ಕಾಗದ ಸುತ್ತಿದ ಗುಂಡು. ಗುಂಡಿನ ಸುತ್ತಲ ಕಾಗದಕ್ಕೆ ಹೊರಗಿನಿಂದ ಜಿಡ್ಡು. ಸಿಪಾಯಿ ಮದ್ದಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕು. ಕೊಳವೆಯನ್ನು ತಲೆಕೆಳಗು ಮಾಡಿ ಜಿಡ್ಡಿನ ಭಾಗವನ್ನು ನಳಿಗೆಗೆ ಇಳಿಸಿ, ಉಳಿದ ಕಾಗದ ಕಿತ್ತೆಸೆದು, ಜಡಿಯಬೇಕು. ಅಂದರೆ ಗುಂಡು ಕಾಗದದ ಸಮೇತ ಇಳಿಯುತ್ತದೆ. ಗುಂಡಿಗೂ ನಳಿಗೆಗೂ ನಡುವಿನ ಸಂದು ತುಂಬಿ, ಜಿಡ್ಡು ಹೊತ್ತು, ಹಾರಿದ ಮೇಲೆ ಕಳಚಿ ಬೀಳುವ ಕೆಲಸ ಈಗ ಕಾಗದದ್ದು. ಜರ್ಮನ್ ಬೇಟೆಗಾರನ ಬಟ್ಟೆ ತುಂಡೇ ಹೀಗೆ ಕಾಗದದ ವೇಷದಲ್ಲಿ ಡಮ್‌ಡಮ್‌ಗೆ ಬಂದಿತ್ತು.

ಆದರೆ ಬರುವಷ್ಟರಲ್ಲಿ ಅದರ ಯಜಮಾನ ಬದಲಾಗಿದ್ದ. ಬಟ್ಟೆಯಾಗಿದ್ದಾಗ ಜಿಡ್ಡು ಯಾವುದಿರಬೇಕೆಂದು ಹಾರಿಸುವವನಿಗೆ ಗೊತ್ತಿತ್ತು, ಅನೇಕ ಸಲ ಅವನೇ ಕಲಸುತ್ತಿದ್ದ. ಕಾಗದವಾದಾಗ ಅದು ಗುತ್ತಿಗೆದಾರ ತಂದುಕೊಟ್ಟ ಕೊಬ್ಬಾಯಿತು. ಯಾವ ಪ್ರಾಣಿಯದೆಂದು ಪರೀಕ್ಷಿಸುವ ವ್ಯವಸ್ಥೆಯೇ ಇರಲಿಲ್ಲ. ಎಚ್ಚರಿಕೆ ಸಿಕ್ಕಿರಲಿಲ್ಲವೆಂದಲ್ಲ. 1853ರಲ್ಲಿ, ಜಿಡ್ಡು ಇಲ್ಲಿನ ಹವೆಗೆ ತಾಳುತ್ತದೆಯೇ ಎಂದು ನೋಡಲು ಇಂಥ ಕಾಡತೂಸುಗಳನ್ನು ಇಲ್ಲಿಗೆ ಕಳಿಸಿದ್ದಾಗಲೇ, ಅದರಲ್ಲಿ ಏನಿದೆಯೆಂದು ಖಚಿತವಾಗದೆ ಸಿಪಾಯಿಗಳ ಕೈಗೆ ಕೊಡಬೇಡಿ ಎಂದು ಕರ್ನಲ್ ಟಕರ್ ಬರೆದಿದ್ದ. ಅಧಿಕಾರಿಗಳು ಪರೀಕ್ಷಿಸಿದ್ದು ಹವೆಯನ್ನು, ಹಾರಿಸುವವನನ್ನಲ್ಲ.

1857ರ ಜನವರಿಯಲ್ಲಿ ಡಮ್‌ಡಮ್‌ನಲ್ಲಿ ಹಸು, ಹಂದಿಯ ಕೊಬ್ಬಿನ ಮಾತು ಹಬ್ಬಿತು. ಅದೇ ತಿಂಗಳ 27ರಂದು ಸರ್ಕಾರ ಒಂದು ಆದೇಶ ಹೊರಡಿಸಿತು: ಕಾಡತೂಸುಗಳನ್ನು ಜಿಡ್ಡಿಲ್ಲದೆ ಕೊಡಲಾಗುವುದು, ಸಿಪಾಯಿಗಳು ತಮಗೆ ಒಪ್ಪಿಗೆಯಾದ ಜಿಡ್ಡನ್ನು ತಾವೇ ಹಚ್ಚಿಕೊಳ್ಳಬಹುದು. ಬೇಟೆಗಾರನಿಗೆ ಎಂದಿನಿಂದಲೂ ಇದ್ದ ಹಕ್ಕನ್ನೇ ಸಿಪಾಯಿಗೆ ಹಿಂದಿರುಗಿಸಿದ ಆದೇಶ ಇದು. ಬಂದೂಕಿನ ದೃಷ್ಟಿಯಿಂದ ಅದರಲ್ಲಿ ಯಾವ ತೊಡಕೂ ಇರಲಿಲ್ಲ, ತುಪ್ಪ ಮೇಣ ಕೂಡಿಸಿದರೂ ಗುಂಡು ಹಾರುತ್ತದೆ. ಆದರೆ ಅಷ್ಟರಲ್ಲಿ ಅನುಮಾನ ಜಿಡ್ಡಿನಿಂದ ಕಾಗದಕ್ಕೆ ದಾಟಿತ್ತು. ಕಾಗದದ ಹೊಳಪೇಕೆ, ಅದರಲ್ಲೇ ಕೊಬ್ಬಿರಬೇಕು ಎಂದು ಸಿಪಾಯಿಗಳು ಕೇಳತೊಡಗಿದರು. ಕಚ್ಚುವ ಬದಲು ಕೈಯಿಂದ ಹರಿಯಬಹುದು ಎಂದು ಕವಾಯತನ್ನೇ ಬದಲಿಸಿದರು. ಅದೂ ಸಾಲಲಿಲ್ಲ. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಮಂದಿ ಸವಾರರನ್ನು ಕವಾಯತಿಗೆ ನಿಲ್ಲಿಸಿದಾಗ 85 ಮಂದಿ ಕಾಡತೂಸು ಮುಟ್ಟಲಿಲ್ಲ. ಅವರ ಮುಂದೆ ಇಟ್ಟಿದ್ದವು ಎನ್‌ಫೀಲ್ಡಿನವೇ ಅಲ್ಲ, ಮೊದಲಿಂದ ಬಳಸುತ್ತಿದ್ದ ಹಳೆಯ ಬಗೆಯವು. ಮೇ 10ರಂದು ಮೀರತ್ ಹೊತ್ತಿಕೊಂಡಿತು.

1857ಕ್ಕೆ ಜಿಡ್ಡೊಂದೇ ಕಾರಣವಲ್ಲ. ಕಳೆದುಹೋದ ಸಂಸ್ಥಾನಗಳು, ಕಂದಾಯ, ಸಂಬಳ, ಜಾತಿಧರ್ಮಗಳ ಭಯ ಎಲ್ಲ ಸೇರಿದ್ದವು. ಆದರೆ ಆ ಎಲ್ಲ ಅಪನಂಬಿಕೆ ಬಂದು ಕೂತದ್ದು ಗುಂಡಿಗೂ ನಳಿಗೆಗೂ ನಡುವಿನ ಆ ತೆಳು ಪದರದ ಮೇಲೆ. ಬೇರೆಯವರು ತೀರ್ಮಾನಿಸಿದ ವಸ್ತು ಸಿಪಾಯಿಯ ಬಾಯಿಯನ್ನೇ ಮುಟ್ಟುತ್ತಿದ್ದದ್ದು ಅಲ್ಲಿ. ಇನ್ನೊಂದು ವ್ಯಂಗ್ಯವೂ ಇದೆ. ಈ ದೇಶದ ಬಿಸಿಲಿಗೆ ಆ ಜಿಡ್ಡು ತಾಳಲೇ ಇಲ್ಲ, ಗುಂಡುಗಳು ಗೋರಾ ಸೈನಿಕರ ಬಂದೂಕಿನಲ್ಲೂ ಸಿಕ್ಕಿಕೊಂಡವು. 1859ರ ಹೊತ್ತಿಗೆ ಗುಂಡಿನ ಅಗಲವನ್ನು 14.4ರಿಂದ 14 ಮಿಲಿಮೀಟರಿಗೆ ಇಳಿಸಿದರು, ಜಿಡ್ಡಿನಲ್ಲಿ ಜೇನುಮೇಣವೇ ಪ್ರಧಾನವಾಯಿತು. ಮೊದಲೇ ಹಾರಿಸುವವನನ್ನು ಕೇಳಿದ್ದರೆ ಸಿಗಬಹುದಾಗಿದ್ದ ಉತ್ತರ ಅದು.

ಕೊಲ್ಹಾಪುರ, ಹಲಗಲಿ

ಪುಣೆಯ ಸುತ್ತಲಿನ ಬೊಂಬಾಯಿ ಸೈನ್ಯ ಬಂಗಾಳದ ಸೈನ್ಯದಂತೆ ಒಡೆಯಲಿಲ್ಲ. ಆದರೂ 1857ರ ಜುಲೈ 31ರಂದು ಕೊಲ್ಹಾಪುರದಲ್ಲಿ ಬೊಂಬಾಯಿಯ 27ನೇ ಪದಾತಿ ದಳದ ಸಿಪಾಯಿಗಳು ದಂಗೆಯೆದ್ದರು. ಬೆಳಗಾವಿಯಲ್ಲೂ ಸಂಚಿನ ಗುಮಾನಿ ಹರಡಿತು. ಸರ್ಕಾರ ಈಗ ಸಿಪಾಯಿಗಳಷ್ಟೇ ಅಲ್ಲ, ಊರವರ ಕೈಯಲ್ಲಿರುವ ಬಂದೂಕುಗಳ ಕಡೆಗೂ ಕಣ್ಣು ಹಾಕಿತು. ಆ ವರ್ಷವೇ ಆಯುಧ ಒಪ್ಪಿಸಬೇಕು, ಇಟ್ಟುಕೊಳ್ಳಲು ಪರವಾನಗಿ ಬೇಕು ಎಂಬ ಕಾಯ್ದೆ ಬಂತು.

ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಮುಂದಿನ ಕಥೆಯನ್ನು ಕನ್ನಡದ ಮಕ್ಕಳು ಶಾಲೆಯಲ್ಲಿ ಲಾವಣಿಯಾಗಿ ಓದಿದ್ದಾರೆ. ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಿದರು. ಬೇಟೆಯನ್ನೇ ನಂಬಿದವರಿಗೆ ಬಂದೂಕು ಒಪ್ಪಿಸುವುದೆಂದರೆ ಒಂದು ವಸ್ತು ಒಪ್ಪಿಸಿದಂತಲ್ಲ. ಯಾವ ನಳಿಗೆಗೆ ಎಷ್ಟು ಮದ್ದು ಎಂದು ಅಪ್ಪನಿಂದ ಮಗ ಕಲಿಯುವ ಅಳತೆಯೂ ಅದರ ಜೊತೆಗೇ ಹೋಗುತ್ತದೆ. ಕೈಯಲ್ಲಿ ಬಂದೂಕಿಲ್ಲದೆ ಕಲಿಸುವಂಥದ್ದಲ್ಲ ಅದು.

ಸಿಪಾಯಿಗಳ ವಿಷಯದಲ್ಲಿ ಸರ್ಕಾರ ಬೇರೆ ದಾರಿ ಹಿಡಿಯಿತು. 1858ರ ಮಾದರಿ ಎಂದು ಕರೆಯಲಾಗುವ ಒಂದು ಬಂದೂಕನ್ನು ಹಿಂದೂಸ್ತಾನಿ ಪಡೆಗಳಿಗೆಂದೇ ಮಾಡಿಸಿತು. ನೋಡಲು ಅಚ್ಚು ಎನ್‌ಫೀಲ್ಡ್. ಆದರೆ ಒಳಗೆ ಗೀರಿಲ್ಲ. ನಳಿಗೆಯನ್ನು 16.7 ಮಿಲಿಮೀಟರಿಗೆ ಹಿಗ್ಗಿಸಿ ನುಣುಪು ಮಾಡಿದ್ದರು. ದೂರದ ಗುರಿಗೆ ಬೇಕಾದ ಗುರಿಪಟ್ಟಿಯನ್ನೂ ತೆಗೆದಿದ್ದರು. ರೈಫಲ್ ಮೊದಲು ಪಡೆದ ದೇಶ ಮೇಲುಗೈ ಸಾಧಿಸುತ್ತದೆ ಎಂದಿದ್ದ ರಾಬಿನ್ಸ್‌ನ ಮಾತನ್ನು ಅವರು ಮರೆತಿರಲಿಲ್ಲ. ಆ ಮೇಲುಗೈ ತಮ್ಮದೇ ಸಿಪಾಯಿಗಳ ಮೇಲೂ ಇರಲಿ ಎಂದುಕೊಂಡರು. 1817ರಲ್ಲಿ ಖಡಕಿಯಲ್ಲಿ ಹಿಡಿದಿದ್ದಂಥ ಸಡಿಲ ಗುಂಡಿನ ನುಣುಪು ನಳಿಗೆಗೆ ಸಿಪಾಯಿಯನ್ನು ಮರಳಿ ಕಳಿಸಿದ್ದಾಯಿತು.

ಕಾರ್ಖಾನೆಯ ಅಳತೆ

ಖಡಕಿಯ ಕಾರ್ಖಾನೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. 1866ರಲ್ಲಿ ಇಂಗ್ಲೆಂಡ್ ಎನ್‌ಫೀಲ್ಡ್‌ನ ಹಿಂಬದಿ ಕತ್ತರಿಸಿ, ಕದದಂತೆ ತೆರೆಯುವ ಜೋಡಣೆ ಹಾಕಿ, ಅದನ್ನು ಸ್ನೈಡರ್ ರೈಫಲ್ ಮಾಡಿತು. ಅದಕ್ಕೆ ವುಲಿಚ್‌ನ ಅಧಿಕಾರಿ ಬಾಕ್ಸರ್ ರೂಪಿಸಿದ ಕಾಡತೂಸು. ತೆಳು ಹಿತ್ತಾಳೆಯನ್ನು ಸುರುಳಿ ಸುತ್ತಿ ಮಾಡಿದ ಕೊಳವೆ, ಒಳಗೆ ಮದ್ದು, ತುದಿಗೆ ಗುಂಡು, ಬುಡಕ್ಕೆ ಕೇಪು. ಗುಂಡು ನಳಿಗೆಯ ಬಾಯಿಯಿಂದ ಇಳಿಯಬೇಕಿಲ್ಲವಾದ್ದರಿಂದ ಎಷ್ಟು ಬೇಕಾದರೂ ಬಿಗಿಯಾಗಿರಬಹುದು. ಬೇಗ ತುಂಬಬೇಕೋ ಗುರಿ ಕೂಡಬೇಕೋ ಎಂಬ ಹಳೆಯ ಇಕ್ಕಟ್ಟು ಅಲ್ಲಿಗೆ ಮುಗಿಯಿತು. ಕಚ್ಚುವುದಿಲ್ಲ, ಹರಿಯುವುದಿಲ್ಲ, ಸುರಿಯುವುದಿಲ್ಲ. ಸಿಪಾಯಿಯ ಬಾಯಿಗೂ ಬಂದೂಕಿಗೂ ಇದ್ದ ಸಂಬಂಧ ಕಡಿದುಹೋಯಿತು. ಗೋರಾ ಪಡೆಗಳು ಸ್ನೈಡರ್ ಬಿಟ್ಟು ಇನ್ನೂ ಹೊಸ ಮಾರ್ಟಿನಿ-ಹೆನ್ರಿಗೆ ದಾಟಿದ ಮೇಲೆ, 1870ರ ದಶಕದಲ್ಲಿ, ಸ್ನೈಡರ್ ಹಿಂದೂಸ್ತಾನಿ ಪಡೆಗಳ ಕೈಗೆ ಬಂತು.

ಅಳತೆ ಹುಡುಕುವ ಕೆಲಸವೇನೂ ಕೊನೆಯಾಗಲಿಲ್ಲ. ಜಾಗ ಬದಲಿಸಿತು. ನಳಿಗೆ, ಗುಂಡು, ಮದ್ದು ಮೂರನ್ನೂ ಹೊಂದಿಸಿ, ಒಂದೊಂದನ್ನೇ ಬದಲಿಸಿ, ಹಾರಿಸಿ ನೋಡುವ ಪರೀಕ್ಷೆ ಈಗ ಕಾರ್ಖಾನೆಯ ಗೋಡೆಯೊಳಗೆ ನಡೆಯತೊಡಗಿತು. ಲಕ್ಷ ನಳಿಗೆಗೆ ಒಂದೇ ಅಳತೆ ಒಪ್ಪುವಂತೆ ನಳಿಗೆಗಳನ್ನೇ ಒಂದೇ ಅಳತೆಗೆ ತಂದರು. ಖಡಕಿ ಪುಣೆಯ ಕೈಗಾರಿಕೆಯ ಭಾಗವಾಯಿತು. 2021ರಲ್ಲಿ ದೇಶದ ಮದ್ದುಗುಂಡು ಕಾರ್ಖಾನೆಗಳನ್ನು ಸೇರಿಸಿ ಮ್ಯೂನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿ ಮಾಡಿದಾಗ ಅದರ ಕೇಂದ್ರ ಕಚೇರಿಯೂ ಪುಣೆಯಲ್ಲೇ ನೆಲೆಸಿತು.

ಕೋವಿ ಉಳಿದ ಸೀಮೆ

ಹಲಗಲಿಯಲ್ಲಿ ಬಂದೂಕು ಕಿತ್ತುಕೊಂಡ ಸರ್ಕಾರವೇ ಕೊಡಗಿನಲ್ಲಿ ಅದನ್ನು ಬಿಟ್ಟುಕೊಟ್ಟಿತು. 1857ರಲ್ಲಿ ಕೊಡಗು ಬ್ರಿಟಿಷರ ಪರ ನಿಂತಿತ್ತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಘೋಷಿಸಿದ. 1878ರ ಆಯುಧ ಕಾಯ್ದೆ, ಸ್ವಾತಂತ್ರ್ಯ, 1959ರ ಆಯುಧ ಕಾಯ್ದೆ ಎಲ್ಲವನ್ನೂ ದಾಟಿ ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಉಳಿದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅಲ್ಲಿ ಮಗ ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ, ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ಇಂದು ಅದಕ್ಕೆ ಕಾಡತೂಸಿನ ಬಂದೂಕುಗಳೇ ಹೆಚ್ಚು. ಹಳೆಯ ಕೇಪಿನ ಕೋವಿಗಳು ಕೊಡಗಿನಲ್ಲೂ, ಬೆಳೆ ಕಾಯಲು ಪರವಾನಗಿ ಪಡೆದ ಮಲೆನಾಡಿನ ರೈತರ ಮನೆಗಳಲ್ಲೂ ಉಳಿದಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಗೀರಿಲ್ಲ, ಬಟ್ಟೆಯ ಜಾಗದಲ್ಲಿ ತೆಂಗಿನ ನಾರು ಜಡಿಯುತ್ತಾರೆ. ಆದರೂ ಇಷ್ಟು ಮದ್ದಿಗೆ ಇಷ್ಟು ನಾರು, ಇಷ್ಟು ಸೀಸ, ಸಲಾಕೆ ಇಷ್ಟು ಬೆರಳು ಮೇಲೆ ನಿಲ್ಲಬೇಕು ಎಂಬ ಲೆಕ್ಕ ಆಯಾ ಕೋವಿಗೆ ಆಯಾ ಮನೆಯಲ್ಲಿ ಬೇರೆ ಬೇರೆ ಇರುತ್ತದೆ. ಖಡಕಿಯ ಕಾಡತೂಸಿಗೆ ಅದನ್ನು ಹಾರಿಸುವವನ ಪರಿಚಯ ಬೇಕಿಲ್ಲ. ಕೇಪಿನ ಕೋವಿಗೆ ಇವತ್ತಿಗೂ ಬೇಕು. ಅದನ್ನು ಹೊಸದಾಗಿ ಕೈಗೆ ತೆಗೆದುಕೊಂಡವನಿಗೆ ಮನೆಯ ಹಿರಿಯರು ಮೊದಲು ತೋರಿಸುವುದು ಗುರಿಯಿಡುವುದನ್ನಲ್ಲ, ಮದ್ದಿನ ಅಳತೆಯನ್ನು.